ಮಂಡ್ಯದಲ್ಲಿದ್ದುಕೊಂಡು ಶಾರ್ಕಿಗೆ ಹೆದರುವುದು

ಮೈಸೂರಿನಲ್ಲೇ ಹುಟ್ಟಿ ಬೆಳೆದ ನೀವು ಸಮುದ್ರವನ್ನು ಕಂಡದ್ದೇ ಎರಡು ಸಲ, ಆದರೂ ಶಾರ್ಕ್ ಮೀನಿನ ಭಯದಿಂದ ಈಜುಕೊಳಕ್ಕೂ ಇಳಿಯಲಾಗುತ್ತಿಲ್ಲ ಎಂದು ಬರೆದಿದ್ದೀರಿ. ಇದು ಹುಚ್ಚಿನ ಲಕ್ಷಣವೇ, ಇದು ಹೋಗುತ್ತದೆಯೇ, ಡಿಸೆಂಬರಿನಲ್ಲಿ ಮನೆಯವರೊಂದಿಗೆ ಮಲ್ಪೆಗೆ ಹೋಗಬಹುದೇ ಎಂದು ಕೇಳಿದ್ದೀರಿ. ಹುಚ್ಚು ಖಂಡಿತ ಅಲ್ಲ. ಭಯ ಬಹುಮಟ್ಟಿಗೆ ಹೋಗುತ್ತದೆ. ಮಲ್ಪೆಗೂ ಹೋಗಬಹುದು. ಇದೇ ಭಯವನ್ನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಂಡ್ಯದವನು ನಾನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನಾನು ಈಜು ಕಲಿತದ್ದು ಒಂಬತ್ತನೆಯ ವಯಸ್ಸಿನಲ್ಲಿ. ಸೋದರಮಾವ ಬೆನ್ನಿಗೆ ಬೆಂಡು ಕಟ್ಟಿ ನಾಲೆಗೆ ಇಳಿಸಿದ್ದರು, ಎರಡೇ ವಾರದಲ್ಲಿ ಬೆಂಡು ಬಿಟ್ಟು ಈಜುತ್ತಿದ್ದೆ. ಮರುವರ್ಷ ಬೆಂಗಳೂರಿನ ನೆಂಟರ ಮನೆಯ ಟೀವಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾದ ತುಣುಕನ್ನು ನೋಡಿದೆ: ನೀರಿನ ಮೇಲೆ ಈಜುತ್ತಿರುವವರ ಕಾಲುಗಳು, ಅವುಗಳನ್ನು ಕೆಳಗಿನಿಂದ ನೋಡುತ್ತಿರುವ ಯಾವುದೋ ಪ್ರಾಣಿಯ ಕಣ್ಣು. ಅಷ್ಟೇ ನೋಡಿದ್ದು. ಊರಿಗೆ ಬಂದು ನಾಲೆಗೆ ಇಳಿದಾಗ, ಎದೆಮಟ್ಟದ ಕೆಂಪು ನೀರಿನಲ್ಲಿ ಏನೋ ಒಂದು ಪಾದಕ್ಕೆ ಸವರಿಕೊಂಡು ಹೋಯಿತು. ಜೊಂಡೋ, ಜೊತೆಗಾರನ ಕಾಲೋ ಇರಬೇಕು. ದಡ ಹತ್ತಿದವನು ಮತ್ತೆ ಇಳಿಯಲಿಲ್ಲ.

ಮುಂದೆ ಓದು ಬಂದಂತೆ ಈ ಭಯವನ್ನು ತರ್ಕದಿಂದ ಸೋಲಿಸಲು ಬಹಳ ಪ್ರಯತ್ನಿಸಿದೆ. ಬುಲ್ ಶಾರ್ಕ್ ಎಂಬ ಜಾತಿ ಸಿಹಿನೀರಿಗೂ ಬರುತ್ತದೆ, ನದಿಗಳಲ್ಲಿ ಬಹುದೂರ ಸಾಗುತ್ತದೆ, ನಿಕರಾಗುವಾ ಸರೋವರದಲ್ಲಿಯೂ ಕಂಡುಬಂದಿದೆ ಎಂದು ತಿಳಿದ ದಿನ ನಿದ್ದೆ ಬರಲಿಲ್ಲ. ಭೂಪಟವನ್ನು ಹರಡಿಕೊಂಡು, ಪೂಂಪುಹಾರಿನ ಬಳಿ ಸಮುದ್ರ ಸೇರುವ ಕಾವೇರಿಯನ್ನು ಬೆರಳಿನಿಂದ ಹಿಂದಕ್ಕೆ ಹಿಡಿದು ಬಂದೆ: ಮೊದಲು ಕಲ್ಲಣೆ, ಆಮೇಲೆ 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟು, ಅದರ ಮೇಲೆ ಹೊಗೇನಕಲ್, ಅದಕ್ಕೂ ಮೇಲೆ ನಮ್ಮ ಮಳವಳ್ಳಿಯ ಕಡೆಯ ಗಗನಚುಕ್ಕಿ, ಭರಚುಕ್ಕಿಗಳ ಬಂಡೆಗೋಡೆ. ಇವನ್ನೆಲ್ಲ ಯಾವ ಮೀನೂ ಹತ್ತಿ ಬರಲಾರದು ಎಂದು ನನಗೆ ಸಂಪೂರ್ಣ ಮನವರಿಕೆಯಾಯಿತು. ಭಯ ಮಾತ್ರ ಇದ್ದಲ್ಲೇ ಇತ್ತು. ನಿಮಗೂ ಮನೆಯವರು ಇದೇ ಬಗೆಯ ಲೆಕ್ಕ ಹೇಳಿರಬಹುದು. ಅವರು ಹೇಳುವುದು ಸರಿ, ಆದರೆ ಅದರಿಂದ ಪ್ರಯೋಜನವಾಗದಿರುವುದು ನಿಮ್ಮ ತಪ್ಪಲ್ಲ. ನಿಮಗೆ ಗೊತ್ತಿಲ್ಲದ್ದನ್ನೇನೂ ಅವರು ಹೇಳುತ್ತಿಲ್ಲ.

ಇನ್ನೊಂದು ಸಂಗತಿಯೂ ಇದೆ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ನಿಜವಾದ ಮೊಸಳೆಯನ್ನು ಹತ್ತು ಹನ್ನೆರಡು ಅಡಿ ದೂರದಿಂದ ನೋಡಿದ್ದೇನೆ. ಆಗ ಎದೆ ಒಂದಿಷ್ಟೂ ಹೊಡೆದುಕೊಳ್ಳಲಿಲ್ಲ. ಕಣ್ಣೆದುರಿಗಿದ್ದ, ಅಪಾಯ ಮಾಡಬಲ್ಲ ಪ್ರಾಣಿಯ ಭಯವಿಲ್ಲ, ಇಲ್ಲದ ಪ್ರಾಣಿಯ ಭಯವಿದೆ. ಮನುಷ್ಯನಿಗೆ ಕೆಲವು ಭಯಗಳು ಬೇಗ ಹತ್ತುತ್ತವೆ, ಬಹಳ ನಿಧಾನವಾಗಿ ಬಿಡುತ್ತವೆ ಎಂದು 1971ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ವಾದಿಸಿದ್ದರು. ನನ್ನ ಅನುಭವಕ್ಕೆ ಇದು ಹೊಂದುತ್ತದೆ. ನನ್ನನ್ನು ಕಾಡುತ್ತಿದ್ದದ್ದು ಶಾರ್ಕ್ ಎನ್ನುವುದಕ್ಕಿಂತ ತಳ ಕಾಣದ ನೀರು, ಅದರಲ್ಲಿ ನೇತಾಡುವ ನನ್ನದೇ ಕಾಲು.

ಆರು ವರ್ಷದ ಮಗಳನ್ನು ಸರಸ್ವತಿಪುರದ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಕರೆದುಕೊಂಡು ಹೋದ ದಿನ ಎಲ್ಲವೂ ಹೊರಬಿತ್ತು. ನೀರು ತಿಳಿಯಾಗಿತ್ತು, ತಳದ ಕಪ್ಪು ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಯಾರೋ ನೀರಿಗೆ ಹಾರಿದೊಡನೆ ಆ ಪಟ್ಟೆಗಳು ಬಳುಕಿ, ಮುರಿದು, ಉದ್ದವಾಗಿ ನನ್ನ ಕಡೆಗೇ ಚಲಿಸಿದಂತೆ ಕಂಡವು. ಉಸಿರು ಸಿಕ್ಕಿಕೊಂಡಿತು. ಮಗಳು ಕೆಳಗಿನಿಂದ "ಬಾಪ್ಪಾ" ಎಂದು ಕೈ ಚಾಚಿದ್ದಳು. ನಾನು ಆ ಕೈ ಹಿಡಿಯಲಾಗದೆ ಹಿಂದಕ್ಕೆ ಸರಿದು ಗೋಡೆಗೆ ಒರಗಿ ನಿಂತೆ. ಮರುವಾರವೇ ಮೈಸೂರಿನ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಕಂಡೆ.

ಅವರು ಭಯವನ್ನು ಅಲ್ಲಗಳೆಯಲೂ ಇಲ್ಲ, ಶಾರ್ಕುಗಳ ಬಗ್ಗೆ ಉಪನ್ಯಾಸ ಕೊಡಲೂ ಇಲ್ಲ. ಒಂದು ನಿರ್ದಿಷ್ಟ ವಸ್ತುವಿನ ಸುತ್ತ ಬೆಳೆದು, ತಿಂಗಳುಗಟ್ಟಲೆ ಉಳಿದು, ಬದುಕಿಗೆ ಅಡ್ಡಿಯಾಗುವ ಇಂತಹ ಭಯಕ್ಕೆ ಫೋಬಿಯಾ ಎನ್ನುತ್ತಾರೆ, ಇದಕ್ಕೆ ಚೆನ್ನಾಗಿ ಫಲ ಕೊಡುವ ಚಿಕಿತ್ಸೆ ಇದೆ ಎಂದಷ್ಟೇ ಹೇಳಿ ಒಂದು ಹಾಳೆಯನ್ನು ಮುಂದಿಟ್ಟರು. ಅತ್ಯಂತ ಕಡಿಮೆ ಹೆದರಿಸುವುದರಿಂದ ಹಿಡಿದು ಅತ್ಯಂತ ಹೆಚ್ಚು ಹೆದರಿಸುವುದರವರೆಗೆ ಹತ್ತು ಮೆಟ್ಟಿಲುಗಳನ್ನು ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕಾಗಿತ್ತು. ಶಾರ್ಕ್ ಎಂಬ ಪದವನ್ನು ಬರೆಯುವುದಕ್ಕೆ 15, ಚಿತ್ರ ನೋಡುವುದಕ್ಕೆ 40, ಆಳದ ಕಡೆ ಕಣ್ಣು ಮುಚ್ಚಿ ತೇಲುವುದಕ್ಕೆ 100 ಕೊಟ್ಟಿದ್ದೆ. ಆಮೇಲೆ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಬೇಕು, ಭಯ ಅರ್ಧಕ್ಕಿಂತ ಕೆಳಗಿಳಿಯುವವರೆಗೆ ಅಲ್ಲೇ ನಿಲ್ಲಬೇಕು. ಅವರು ಹೇಳಿದ್ದರಲ್ಲಿ ನನಗೆ ಕಣ್ಣು ತೆರೆಸಿದ ಮಾತು ಇದು: ಭಯ ತುದಿಗೇರಿದಾಗ ನಾವು ಎದ್ದು ಓಡಿದರೆ ಕೂಡಲೇ ನೆಮ್ಮದಿಯಾಗುತ್ತದೆ, ಆ ನೆಮ್ಮದಿಯೇ ಓಡಿದ್ದರಿಂದ ಬದುಕಿದೆ ಎಂಬ ಪಾಠವನ್ನು ಮನಸ್ಸಿಗೆ ಕಲಿಸುತ್ತದೆ, ಹೀಗಾಗಿ ಪ್ರತಿ ಸಲ ತಪ್ಪಿಸಿಕೊಂಡಾಗಲೂ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಇಪ್ಪತ್ತೈದು ವರ್ಷ ನಾನು ಮಾಡಿದ್ದು ಅದನ್ನೇ. ಓಡದೆ ನಿಂತರೆ ಎದೆಬಡಿತ ಏರುತ್ತದೆ, ಒಂದು ಕಡೆ ತಡೆಯುತ್ತದೆ, ತಾನಾಗಿಯೇ ಇಳಿಯುತ್ತದೆ. ಮೊದಲ ದಿನ ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಲವತ್ತು ನಿಮಿಷ ನಿಂತಿದ್ದೆ. 80 ಇದ್ದ ಅಂಕ 30ಕ್ಕೆ ಇಳಿಯಿತು. ಮರುದಿನ ಅದೇ ಜಾಗದಲ್ಲಿ ಅದು 55ರಿಂದಲೇ ಆರಂಭವಾಯಿತು. ನಾಲ್ಕು ತಿಂಗಳ ನಂತರ ಮಗಳ ಪಕ್ಕದಲ್ಲಿ ಆಳದ ಕಡೆಗೆ ಈಜಿದೆ.

ಶಾರ್ಕುಗಳ ಬಗ್ಗೆ ನಿಜವಾದ ಆಸಕ್ತಿ ಹುಟ್ಟಿದ್ದು ಆಮೇಲೆ. ಐನೂರಕ್ಕೂ ಹೆಚ್ಚು ಜಾತಿಗಳಲ್ಲಿ ಮನುಷ್ಯನಿಗೆ ಅಪಾಯ ಮಾಡಿದವು ಬೆರಳೆಣಿಕೆಯಷ್ಟು. ಕೆಣಕದಿದ್ದರೂ ಕಚ್ಚಿದ ಪ್ರಸಂಗಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸರಾಸರಿ ಅರವತ್ತು ಎಪ್ಪತ್ತು, ಸಾವುಗಳು ಐದಾರು. ಮನುಷ್ಯರು ಕೊಲ್ಲುವ ಶಾರ್ಕುಗಳಾದರೋ ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿವೆ. ಎಲ್ಲಕ್ಕಿಂತ ದೊಡ್ಡದಾದ, ಬಸ್ಸಿನಷ್ಟು ಉದ್ದದ ತಿಮಿಂಗಿಲ ಶಾರ್ಕ್ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತದೆ. ನಮ್ಮ ದೇಶ 2001ರಲ್ಲಿ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಕೊಟ್ಟಿದೆ. ಇವೆಲ್ಲ ಮೊದಲೇ ನನ್ನ ಕಣ್ಣಿಗೆ ಬಿದ್ದಿದ್ದವು, ಆದರೆ ಚಿತ್ರವಿರುವ ಪುಟವನ್ನು ಮಗುಚಿಡುತ್ತಿದ್ದವನಿಗೆ ಅವು ತಲೆಗೆ ಹತ್ತುತ್ತಿರಲಿಲ್ಲ.

ಮಲ್ಪೆಗೆ ಹೋಗಿ. ಡಿಸೆಂಬರಿನಲ್ಲಿ ಕಡಲು ಮಳೆಗಾಲದಷ್ಟು ಒರಟಾಗಿರುವುದಿಲ್ಲ. ಮೊದಲ ದಿನ ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು, ಭಯ ಇಳಿದ ಮೇಲೆ ಮೊಣಕಾಲಿನವರೆಗೆ ಹೋಗಿ, ಅಲ್ಲಿಗೆ ಸಾಕು ಮಾಡಿ. ಜೀವರಕ್ಷಕರು ಹಾಕಿದ ಗೆರೆಯನ್ನು ಮಾತ್ರ ದಾಟಬೇಡಿ. ನೀರಿನಲ್ಲಿ ಮುಳುಗುವ ಅಪಾಯ ನಿಜವಾದದ್ದು, ನಾಲೆಯ ಪಕ್ಕದಲ್ಲಿ ಬೆಳೆದ ನನಗೆ ಅದು ಚೆನ್ನಾಗಿ ಗೊತ್ತಿದೆ. ಈಜುಕೊಳದ ಅಭ್ಯಾಸಕ್ಕೂ ಈಜು ಬಲ್ಲ ಒಬ್ಬರು ಜೊತೆಗಿರಲಿ. ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಡಿಸೆಂಬರಿಗೆ ಕಾಯದೆ ಈ ವಾರವೇ ಆ ಹತ್ತು ಮೆಟ್ಟಿಲುಗಳನ್ನು ಬರೆಯಲು ಕುಳಿತುಕೊಳ್ಳಿ. ಯಾವ ಮೆಟ್ಟಿಲಿನಲ್ಲಾದರೂ ಸಿಕ್ಕಿಕೊಂಡರೆ ಇಲ್ಲಿಯೇ ಬರೆಯಿರಿ, ಉತ್ತರಿಸುತ್ತೇನೆ.