ಎಸಿಎಲ್ ಹರಿದ, ಮೂವತ್ತೆರಡು ದಾಟಿದ ಆಟಗಾರನಿಗೆ ಎರಡು ವರ್ಷದ ಒಪ್ಪಂದ ಕೊಡಬಹುದೇ?

ಪ್ರಶ್ನೆ: ಸಿಡ್ನಿಗೆ ಬಂದು ನೆಲೆಸಿದ ಮೇಲೆ ಮಗನ ಜೊತೆ ನನಗೂ ರಗ್ಬಿ ಲೀಗ್ ಹುಚ್ಚು ಹಿಡಿದಿದೆ. ಮೂವತ್ತೆರಡು ದಾಟಿದ, ಮೊಣಕಾಲಿನ ಎಸಿಎಲ್ (ಕೀಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು) ಹರಿದು ಇನ್ನೂ ಚೇತರಿಸಿಕೊಳ್ಳುತ್ತಿರುವ ಆಟಗಾರನಿಗೆ ಎರಡು ವರ್ಷದ ಒಪ್ಪಂದ ಕೊಟ್ಟರೆ ಹಣ ನೀರುಪಾಲು ಎನ್ನುತ್ತಾನೆ ಮಗ. ನಿಜವೇ?

ಉತ್ತರ: ಮಗನ ಆತಂಕದಲ್ಲಿ ಹುರುಳಿದೆ. ಆಸ್ಟ್ರೇಲಿಯಾದ ಪ್ರಮುಖ ರಗ್ಬಿ ಲೀಗ್ ಟೂರ್ನಿಯಾದ ಎನ್‌ಆರ್‌ಎಲ್‌ನಲ್ಲಿ ಪ್ರತಿ ಕ್ಲಬ್ಬಿನ ಒಟ್ಟು ಸಂಬಳಕ್ಕೆ ಮಿತಿಯಿದೆ. ಗಾಯಗೊಂಡು ಹೊರಗೆ ಕುಳಿತವನ ಸಂಬಳವೂ ಸಾಮಾನ್ಯವಾಗಿ ಆ ಮಿತಿಯೊಳಗೇ ಸೇರುವುದರಿಂದ ಲೆಕ್ಕ ತಪ್ಪಿದರೆ ಇಡೀ ತಂಡ ಸೊರಗುತ್ತದೆ. ಆದರೂ ವಯಸ್ಸು ಕೇಳಿದ ಕೂಡಲೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪೆಟ್ಟು ಬಿದ್ದದ್ದು ಎಲ್ಲಿಗೆ, ಆಟದಿಂದ ದೂರವಿದ್ದದ್ದು ಎಷ್ಟು ಕಾಲ, ಆ ಹೊತ್ತಿನಲ್ಲಿ ದೇಹದ ಉಳಿದ ಭಾಗಕ್ಕೆ ಕೆಲಸವಿತ್ತೇ ಎಂಬುದನ್ನು ಮೊದಲು ನೋಡಬೇಕು.

ಎನ್‌ಆರ್‌ಎಲ್ ಕ್ಲಬ್ ಮೆಲ್ಬರ್ನ್ ಸ್ಟಾರ್ಮ್‌ನ ಬಿಲ್ಲಿ ಸ್ಲೇಟರ್ ಭುಜದ ಗಾಯದಿಂದ 2015 ಮತ್ತು 2016ರ ಋತುಗಳನ್ನು ಬಹುಪಾಲು ಕಳೆದುಕೊಂಡರು. 2017ರಲ್ಲಿ ಮರಳಿದವರು 34ನೇ ವಯಸ್ಸಿನಲ್ಲಿ ಗ್ರ್ಯಾಂಡ್ ಫೈನಲ್ ಗೆದ್ದು, ಆ ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕವನ್ನೂ ಪಡೆದರು. ಭುಜ ಮಾಯುವ ತನಕ ಕಾಲುಗಳು ಸುಮ್ಮನಿರಬೇಕಿಲ್ಲ. ಜೊತೆಗೆ, ಅವರ ದೇಹದ ಒಳಹೊರಗನ್ನು ಬಲ್ಲ ಅದೇ ಕ್ಲಬ್ ಅವರನ್ನು ಕಾದಿತ್ತು.

ಇನ್ನೊಬ್ಬ ಎನ್‌ಆರ್‌ಎಲ್ ಆಟಗಾರ ಗ್ರೆಗ್ ಇಂಗ್ಲಿಸ್ ಅವರ ಕಥೆ ಬೇರೆ. 2017ರಲ್ಲಿ ಮೊಣಕಾಲು ಹೋಗಿ, ಭುಜವೂ ಕಾಡಿ, 2019ರ ಏಪ್ರಿಲ್‌ನಲ್ಲಿ ನಿವೃತ್ತರಾದರು. ಎರಡು ವರ್ಷದ ನಂತರ, 34ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ವಾರಿಂಗ್ಟನ್ ವುಲ್ವ್ಸ್ ಪರ ಕಣಕ್ಕಿಳಿದರು. ಆಡಿದ್ದು ಮೂರೇ ಪಂದ್ಯ. ಆ ಸಲ ಕೈಕೊಟ್ಟದ್ದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ಇದನ್ನು ಗಮನಿಸಿ: ರಿಪೇರಿಯಾದ ಜಾಗ ಎಷ್ಟೋ ಸಲ ತಾಳಿಕೊಳ್ಳುತ್ತದೆ, ವೇಗದ ಓಟ ಮರೆತ ಬೇರೆ ಸ್ನಾಯು ಸೋಲುತ್ತದೆ. ವಯಸ್ಸು ಹಾಗೂ ಹಿಂದಿನ ಗಾಯ, ಇವೆರಡೇ ಹ್ಯಾಮ್‌ಸ್ಟ್ರಿಂಗ್ ಗಾಯಕ್ಕೆ ಅತಿ ದೊಡ್ಡ ಅಪಾಯಗಳು.

ಇನ್ನು ಎಸಿಎಲ್. ಹರಿದ ಎಸಿಎಲ್‌ನ ಜಾಗದಲ್ಲಿ ಸಾಮಾನ್ಯವಾಗಿ ಆಟಗಾರನದೇ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ ತುಂಡನ್ನು ಕೂರಿಸುತ್ತಾರೆ. ಆ ತುಂಡು ಮೊದಲ ತಿಂಗಳುಗಳಲ್ಲಿ ದುರ್ಬಲವಾಗಿ, ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಲು ಒಂಬತ್ತು ತಿಂಗಳವರೆಗೆ ಕಾದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಆತುರವೇ ಇಲ್ಲಿ ದೊಡ್ಡ ಶತ್ರು.

ಸಹಿಗೆ ಮುನ್ನ ನಡೆಯುವ ಪರೀಕ್ಷೆಗಳಲ್ಲಿ ಒಂಟಿ ಕಾಲಿನ ಜಿಗಿತವೂ ಒಂದು. ಗಾಯದ ಕಾಲು ಇನ್ನೊಂದು ಕಾಲಿನ ಶೇಕಡಾ 90ರಷ್ಟು ದೂರ ಜಿಗಿದರೆ ಪಾಸು ಎನ್ನುವ ರೂಢಿಯಿದೆ. ಆದರೆ ತಿಂಗಳುಗಟ್ಟಲೆ ವಿಶ್ರಾಂತಿಯಿಂದ ಆ ಇನ್ನೊಂದು ಕಾಲೂ ಸೊರಗಿರುತ್ತದೆ. ಅದಕ್ಕಿಂತ ಮುಖ್ಯ, ಟೇಪಿನಲ್ಲಿ ದೂರ ಸಮನಾಗಿ ಬಂದರೂ ಸೊಂಟ ಮತ್ತು ಪಾದದ ಕೀಲು ಸೇರಿ ಮೊಣಕಾಲಿನ ಕೆಲಸವನ್ನು ಹೊತ್ತಿರಬಹುದು. ಅವನು ನೆಲ ಮುಟ್ಟುವ ಕ್ಷಣವನ್ನು ನೋಡಿ: ಮೊಣಕಾಲು ಅರ್ಧ ಮಾತ್ರ ಬಗ್ಗಿ, ಎದೆ ಮುಂದಕ್ಕೆ ವಾಲಿದರೆ ಆ ಕಾಲು ಇನ್ನೂ ಸಿದ್ಧವಾಗಿಲ್ಲ. ಎಂಬತ್ತು ನಿಮಿಷದ ಆಟದಲ್ಲಿ, ದಣಿದ ಮೇಲೆ, ದಿಕ್ಕು ಬದಲಿಸುವಾಗ ಅದರ ಬೆಲೆ ತೆರಬೇಕಾಗುತ್ತದೆ.

ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಿಗೆ ಈ ಲೆಕ್ಕಾಚಾರ ಯಾವುದೂ ಸಲ್ಲದು. ಸಿಡ್ನಿ ರೂಸ್ಟರ್ಸ್ ನಾಯಕ ಬಾಯ್ಡ್ ಕಾರ್ಡ್ನರ್ 2021ರಲ್ಲಿ ಅದೇ ಕಾರಣಕ್ಕೆ ಆಟ ಬಿಟ್ಟರು, ಸರಿಯಾಗಿಯೇ ಬಿಟ್ಟರು.

ನಿಮ್ಮ ಪ್ರಶ್ನೆಯ ಆಟಗಾರನಿಗೆ ನಾನು ಒಂದು ವರ್ಷದ ಒಪ್ಪಂದ ಕೊಡಿ ಎನ್ನುತ್ತೇನೆ. ಎರಡನೆಯ ವರ್ಷದ ಮಾತನ್ನು ಋತುವಿನ ನಡುವೆ ಎತ್ತಬಹುದು. ಆಡಿದ ಪಂದ್ಯಗಳ ಎಣಿಕೆಗೆ ಸಂಬಳ ಕಟ್ಟುವ ಷರತ್ತು ಮಾತ್ರ ಬೇಡವೇ ಬೇಡ. ಕ್ಲಬ್ಬಿಗೆ ಅದು ಜಾಣತನವಾಗಿ ಕಾಣುತ್ತದೆ, ಆದರೆ ಮನೆ ನಡೆಸಬೇಕಾದ ಆಟಗಾರ ನೋವನ್ನು ಫಿಸಿಯೊನಿಂದ ಮುಚ್ಚಿಟ್ಟು ಮೈದಾನಕ್ಕೆ ಇಳಿಯುತ್ತಾನೆ.