ಗರ್ಭಕಂಠದ ತಪಾಸಣೆ: ಯಾವ ಪರೀಕ್ಷೆ ಎಂದು ನಾನೇ ಹೇಳಬಹುದೇ?

ಪ್ರಶ್ನೆ: ನನಗೆ 43 ವರ್ಷ, ಯಾವ ತೊಂದರೆಯೂ ಇಲ್ಲ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ ಎಂದು ಆಶಾ ಕಾರ್ಯಕರ್ತೆ ಕರೆಯುತ್ತಲೇ ಇದ್ದಾರೆ. ಒಳಪರೀಕ್ಷೆಯ ಸಂಕೋಚದಿಂದ ಹೋಗಿಲ್ಲ. ಮಾದರಿಯನ್ನು ನಾವೇ ತೆಗೆದುಕೊಡುವ ಪರೀಕ್ಷೆಯೂ ಇದೆ ಎಂದು ಮಗಳು ಹೇಳುತ್ತಾಳೆ. ಅದನ್ನು ನಂಬಬಹುದೇ? ಅದೇ ಬೇಕೆಂದು ಕೇಳಿದರೆ ವೈದ್ಯರು ಬೇಸರಪಟ್ಟುಕೊಳ್ಳುವುದಿಲ್ಲವೇ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಧಾರಾಳವಾಗಿ ಕೇಳಿ. ಆರೋಗ್ಯವಾಗಿರುವವರಿಗೆ ಮಾಡುವ ತಪಾಸಣೆಯಲ್ಲಿ ಅವರ ಒಪ್ಪಿಗೆಗೂ ಇಷ್ಟಾನಿಷ್ಟಕ್ಕೂ ಬೆಲೆಯಿರಲೇಬೇಕು. ಎಷ್ಟೇ ಒಳ್ಳೆಯ ಪರೀಕ್ಷೆಯಾದರೂ ಮಾಡಿಸಿಕೊಳ್ಳದಿದ್ದರೆ ಪ್ರಯೋಜನವಿಲ್ಲ.

ನಿಮ್ಮನ್ನು ಕರೆಯುತ್ತಿರುವುದು ಬಹುಶಃ ‘ವಿಐಎ’ ಪರೀಕ್ಷೆಗೆ. ಸ್ಪೆಕ್ಯುಲಮ್ ಎಂಬ ಸಾಧನದಿಂದ ಯೋನಿಮಾರ್ಗವನ್ನು ಅಗಲಿಸಿ, ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಕಾದು ನೋಡಿದಾಗ ಅಸಹಜ ಭಾಗ ಬೆಳ್ಳಗೆ ಕಾಣುತ್ತದೆ. ಫಲಿತಾಂಶ ಅಲ್ಲೇ ಸಿಗುತ್ತದೆ. ಆದರೆ ಎಲ್ಲವೂ ನೋಡುವವರ ಕಣ್ಣಿನ ಅನುಭವವನ್ನು ಅವಲಂಬಿಸಿದೆ; ಮುಟ್ಟು ನಿಂತವರಲ್ಲಿ ಇದು ಅಷ್ಟು ಉಪಯುಕ್ತವೂ ಅಲ್ಲ.

ನಿಮ್ಮ ಮಗಳು ಹೇಳಿದ್ದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಎಚ್‌ಪಿವಿ ಎಂದರೆ ಲೈಂಗಿಕ ಸಂಪರ್ಕದಿಂದ ಹರಡುವ, ಈ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಾಣು. ಚಿಕ್ಕ ಬ್ರಶ್ಶನ್ನು ಮರೆಯಲ್ಲಿ ನೀವೇ ಯೋನಿಯೊಳಗೆ ಇರಿಸಿ, ಕೆಲವು ಸುತ್ತು ತಿರುಗಿಸಿ, ಕೊಳವೆಗೆ ಹಾಕಿ ಕೊಟ್ಟರಾಯಿತು. ಇಲ್ಲಿ ಹುಡುಕುವುದು ವೈರಾಣುವನ್ನು, ಜೀವಕೋಶದ ರೂಪವನ್ನಲ್ಲ. ಹಾಗಾಗಿ ಬ್ರಶ್ ಗರ್ಭಕಂಠಕ್ಕೇ ತಾಗಬೇಕೆಂದಿಲ್ಲ. ಪಿಸಿಆರ್ (ವೈರಾಣುವಿನ ಅಂಶವನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ) ವಿಧಾನದಲ್ಲಿ ಪರೀಕ್ಷಿಸಿದರೆ ನೀವು ತೆಗೆದ ಮಾದರಿಯೂ ವೈದ್ಯೆ ತೆಗೆದ ಮಾದರಿಯಷ್ಟೇ ನೆಚ್ಚಬಹುದಾದದ್ದು. (ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್‌ಗೆ ಈ ಮಾತು ಹೊಂದುವುದಿಲ್ಲ.) ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 30 ವರ್ಷ ದಾಟಿದ ಮಹಿಳೆಯರಿಗೆ 5ರಿಂದ 10 ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ, ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಆದರೆ ಈ ಸೌಲಭ್ಯ ಎಲ್ಲ ಸರ್ಕಾರಿ ಕೇಂದ್ರಗಳಲ್ಲೂ ಇಲ್ಲ. ಖಾಸಗಿಯಲ್ಲಿ ವೆಚ್ಚ ನಿಮ್ಮದು.

ಒಂದು ವಿಷಯಕ್ಕೆ ಮಾತ್ರ ಈಗಲೇ ಮನಸ್ಸು ಗಟ್ಟಿಮಾಡಿಕೊಳ್ಳಿ: ವೈರಾಣು ಕಂಡುಬಂದರೆ ಮುಂದಿನ ಹಂತದಲ್ಲಿ ಒಳಪರೀಕ್ಷೆ ತಪ್ಪುವುದಿಲ್ಲ. ಕಂಡುಬಂದ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ. ಬಹುಪಾಲು ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಹೋಗುತ್ತವೆ. ಗಂಡನ ಮೇಲೆ ಅನುಮಾನಪಡಲೂ ಅದು ಆಧಾರವಲ್ಲ, ಏಕೆಂದರೆ ಸೋಂಕು ಎಷ್ಟೋ ವರ್ಷಗಳ ಹಿಂದಿನದಿರಬಹುದು. ಇನ್ನು ಸಂಭೋಗದ ನಂತರ ರಕ್ತ ಕಾಣಿಸಿಕೊಳ್ಳುವುದು, ಮುಟ್ಟು ನಿಂತ ಮೇಲೆ ಸ್ರಾವವಾಗುವುದು ಮೊದಲಾದ ಲಕ್ಷಣಗಳಿದ್ದರೆ ಅದು ತಪಾಸಣೆಯ ಮಾತಲ್ಲ, ರೋಗನಿರ್ಣಯದ ಮಾತು. ಆಗ ಸ್ವಂತ ಮಾದರಿಯನ್ನು ನೆಚ್ಚಿಕೊಳ್ಳದೆ ನೇರವಾಗಿ ಸ್ತ್ರೀರೋಗ ತಜ್ಞರನ್ನು ಕಾಣಬೇಕು.

ಎಚ್‌ಪಿವಿ ಪರೀಕ್ಷೆ ಹತ್ತಿರದಲ್ಲಿ ಸಿಗದಿದ್ದರೆ ವಿಐಎ ಮಾಡಿಸಿಕೊಳ್ಳಿ, ಮಹಿಳಾ ಸಿಬ್ಬಂದಿಯೇ ಮಾಡಲಿ ಎಂದು ಮೊದಲೇ ತಿಳಿಸಿ. ನೋವೆನಿಸಿದರೆ ನಿಲ್ಲಿಸಿ ಎನ್ನಲು ಹಿಂಜರಿಯಬೇಡಿ.