ಕಾಸರಗೋಡಿನಲ್ಲಿ ಕನ್ನಡ–ತುಳು ಡಿಜಿಟಲ್ ರೇಡಿಯೊ ಸ್ಟೇಷನ್ ಶುರು ಮಾಡುವುದು ಹೇಗೆ?

ಇಂಗ್ಲೆಂಡಿನಲ್ಲಿರುವಂಥ ಸಣ್ಣ ಪ್ರಮಾಣದ ಡಿಎಬಿ (ಒಂದು ಬಗೆಯ ಡಿಜಿಟಲ್ ರೇಡಿಯೊ ಪ್ರಸಾರ) ನಿಮ್ಮ ತಲೆಯಲ್ಲಿದ್ದರೆ, ಅದು ಬೇರೆ ಕಥೆ. ಅಲ್ಲಿ ಒಂದೇ ಟ್ರಾನ್ಸ್‌ಮಿಟರ್ ಹತ್ತಾರು ಸ್ಟೇಷನ್‌ಗಳನ್ನು ಒಟ್ಟಿಗೆ ಹೊರುತ್ತದೆ. ಸ್ಟೇಷನ್ ನಡೆಸುವವರಿಗೆ ಸ್ವಂತ ಟವರ್ ಬೇಕಿಲ್ಲ, ಆ ಟ್ರಾನ್ಸ್‌ಮಿಟರ್‌ನಲ್ಲಿ ಜಾಗಕ್ಕೆ ಬಾಡಿಗೆ ಕೊಟ್ಟರಾಯಿತು. ನಮ್ಮಲ್ಲಿ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ ಡಿಆರ್‌ಎಂ ಎಂಬ ಇನ್ನೊಂದು ಡಿಜಿಟಲ್ ವಿಧಾನ ಬಳಸುತ್ತದೆ, ಆದರೆ ಅದನ್ನು ಹಿಡಿಯುವ ರೇಡಿಯೊ ಮಂಜೇಶ್ವರದ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ?

ಹಾಗಾಗಿ ಊರಿನ ಮಟ್ಟಕ್ಕೆ ಸರಿಯಾದ ದಾರಿ ಡಿಜಿಟಲ್ ಅಲ್ಲ, ಎಫ್‌ಎಂ ಸಮುದಾಯ ರೇಡಿಯೊ. ಒಬ್ಬ ವ್ಯಕ್ತಿಗೆ ಲೈಸೆನ್ಸ್ ಕೊಡುವುದಿಲ್ಲ. ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಇಲ್ಲವೇ ಕನಿಷ್ಠ 3 ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆ ಬೇಕು. ಅರ್ಜಿ ಹೋಗುವುದು ತಿರುವನಂತಪುರಕ್ಕಲ್ಲ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಸಾಮಾನ್ಯವಾಗಿ 100 ವಾಟ್ ಶಕ್ತಿ, 30 ಮೀಟರ್ ಆಂಟೆನಾದ ಮಿತಿ ಇರುತ್ತದೆ. ಬಯಲಲ್ಲಿ ಹತ್ತು ಕಿಲೋಮೀಟರ್ ಆಚೀಚೆ ಕೇಳಬಹುದು. ನಮ್ಮದು ಗುಡ್ಡದ ಊರು, ಅಲ್ವಾ? ಬದಿಯಡ್ಕದ ಕಡೆ ಒಂದು ಗುಡ್ಡ ಅಡ್ಡ ಬಂದರೆ ಸಿಗ್ನಲ್ ಮಾಯ. ಜಾಗ ಗೊತ್ತು ಮಾಡುವಾಗ ಬಾಡಿಗೆಗಿಂತ ಎತ್ತರ ನೋಡಿ.

ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರೇ ಮಾಡಿದ್ದಿರಬೇಕು. ಇದು ನಮಗೆ ಕಷ್ಟವೇ ಅಲ್ಲ. ತಾಳಮದ್ದಳೆ, ಅಡಿಕೆ ಧಾರಣೆ, ತುಳು ಹರಟೆ ಸಾಕಷ್ಟಿವೆ. ಸ್ವಂತ ಸುದ್ದಿ ಮಾತ್ರ ಓದುವಂತಿಲ್ಲ, ಆಕಾಶವಾಣಿಯದ್ದನ್ನೇ ಹಾಗೇ ಕೊಡಬೇಕು.

ನಾನಾಗಿದ್ದರೆ ಮೊದಲು ಆರು ತಿಂಗಳು ಇಂಟರ್‌ನೆಟ್ ರೇಡಿಯೊ ನಡೆಸುತ್ತಿದ್ದೆ. ಅದಕ್ಕೆ ತರಂಗಾಂತರ ಬೇಡ, ಗಲ್ಫ್‌ನಲ್ಲಿರುವ ನಮ್ಮವರೂ ಕೇಳುತ್ತಾರೆ. ಸಿನಿಮಾ ಹಾಡು ಹಾಕುವುದಾದರೆ ಹಕ್ಕಿನ ದುಡ್ಡು ಕಟ್ಟಬೇಕು, ಸುಮ್ನೆ ಹಾಕಬೇಡಿ.